ಈ ಸೌಧ ಯಾರದು?



ಮಠದ ಪಾಠಶಾಲೆಯ ಹಿರಿಯ ವರ್ಗದ ವಿದ್ಯಾರ್ಥಿಗಳೊಡನೆ ಕರಾವಳಿಯ ಪ್ರವಾಸಕ್ಕೆ ಹೋಗಿದ್ದಾಗ ನಡೆದ ಒಂದು ಸಣ್ಣ ಪ್ರಸಂಗವೇ ಈ ಲೇಖನಕ್ಕೆ ಕಾರಣವಾಯಿತು. ಪ್ರಾತಃಕಾಲದಲ್ಲಿ ಕಾರ್ಕಳದ ಬೆಟ್ಟವನ್ನೇರಿ, ೧೪೩೨ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ, ಸುಮಾರು ೪೨ ಅಡಿ ಎತ್ತರದ ಗೊಮ್ಮಟಮೂರ್ತಿಯನ್ನು ಕಂಡೆವು. ಅಲ್ಲಿಂದ ಹಿರಿಯಡಕ, ಪರ್ಕಳಗಳ ಮಾರ್ಗವಾಗಿ ಮಧ್ಯಾಹ್ನದ ಹೊತ್ತಿಗೆ ಮಣಿಪಾಲವನ್ನು ಸೇರಿದೆವು. ನಮ್ಮ ಮಠಕ್ಕೆ ಬಹುಕಾಲದಿಂದ ನಡೆದುಕೊಳ್ಳುವ, ಉಡುಪಿಯಲ್ಲಿ ನೆಲೆಸಿದ ವೃದ್ಧ ಗೃಹಸ್ಥರೊಬ್ಬರು ಅಲ್ಲಿ ನಮಗೆ ಮಾರ್ಗದರ್ಶಕರಾಗಿದ್ದರು. ಸಿಂಡಿಕೇಟ್ ಬ್ಯಾಂಕಿನ ಪ್ರಧಾನ ಕಚೇರಿಯಾಗಿದ್ದ, ಹಲವು ಅಂತಸ್ತುಗಳ ಸೌಧದ ಮುಂದೆ ನಾವು ನಿಂತಾಗ ಹುಡುಗರಲ್ಲೊಬ್ಬನು ತಲೆಯೆತ್ತಿ ನೋಡಿ, "ಗುರುಗಳೇ, ಇಷ್ಟು ದೊಡ್ಡ ಮನೆ ಯಾರದು?" ಎಂದು ಕೇಳಿದನು.

ನಾನು ಉತ್ತರ ಹೇಳುವ ಮೊದಲೇ ಆ ವೃದ್ಧರು, "ನಮ್ಮದೇ ಆಗಿತ್ತು ಮಗಾ. ಈಗ ಹೆಸರು ಬೇರೆ" ಎಂದರು.

"ನೀವು ಕಟ್ಟಿಸಿದ್ದೇ ಅಜ್ಜ?"

"ನಾನು ಕಟ್ಟಿಸಲಿಲ್ಲ. ನಮ್ಮಮ್ಮ ದಿನವೂ ಎರಡಾಣೆ ಕೊಟ್ಟಿದ್ದರು."

ಹುಡುಗನಿಗೆ ಈ ಮಾತು ಅರ್ಥವಾಗಲಿಲ್ಲ. ದಿನಕ್ಕೆ ಎರಡಾಣೆ ಕೊಟ್ಟವರಿಗೆ ಇಂತಹ ಸೌಧ ಹೇಗೆ ಸೇರೀತು? ಸೇರಿದ್ದರೆ ಅದು ತಪ್ಪಿದ್ದು ಹೇಗೆ? ಅವನ ಮುಖದಲ್ಲಿ ಕಂಡ ಸಂದೇಹವು ಬಾಲಭಾಷಿತವೆಂದು ತಳ್ಳಿಹಾಕತಕ್ಕದ್ದಲ್ಲ. ಸ್ವತ್ತು ಎಂದರೇನು, ಸ್ವಾಮಿತ್ವವೆಂದರೇನು, ‘ನಮ್ಮದು’ ಎಂಬ ಮಾತನ್ನು ಮನುಷ್ಯನು ಯಾವ ಅಧಿಕಾರದಿಂದ ಆಡುತ್ತಾನೆ ಎಂಬ ಪ್ರಶ್ನೆಗಳೆಲ್ಲ ಅದರಲ್ಲಿ ಅಡಗಿವೆ. ಮನೆ, ಹೊಲ, ಅಂಗಡಿಗಳನ್ನು ಹೊಂದಿ ಬಾಳುವ ಗೃಹಸ್ಥರಾದ ನಮ್ಮೆಲ್ಲರಿಗೂ ಈ ವಿಚಾರವು ಅತ್ಯಂತ ನಿಕಟವಾದುದು. ಆದುದರಿಂದ ಪ್ರಕೃತ ಆ ಸೌಧದ ವೃತ್ತಾಂತವನ್ನೇ ಹಿಡಿದು ಇದನ್ನು ವಿಚಾರಿಸೋಣ.

ಮೊದಲು ಆ ಎರಡಾಣೆಯ ಕಥೆ. ೧೯೨೫ರಲ್ಲಿ ಉಡುಪಿಯಲ್ಲಿ ‘ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಎಂಬ ಸಂಸ್ಥೆಯು ಸ್ಥಾಪಿತವಾಯಿತು. ವ್ಯಾಪಾರಿಗಳಾದ ಉಪೇಂದ್ರ ಅನಂತ ಪೈ, ಇಂಜಿನಿಯರರಾದ ವಾಮನ ಶ್ರೀನಿವಾಸ ಕುಡ್ವ, ವೈದ್ಯರಾದ ಡಾ. ಟಿ. ಎಂ. ಎ. ಪೈ ಈ ಮೂವರು ಅದರ ಸಂಸ್ಥಾಪಕರು. ಕೈಯಲ್ಲಿದ್ದ ಬಂಡವಾಳ ೮,೦೦೦ ರೂಪಾಯಿ. ಆ ದಿನಗಳಲ್ಲಿ ಸಂಕಟದಲ್ಲಿದ್ದ ಈ ಪ್ರಾಂತದ ಕೈಮಗ್ಗದ ನೇಕಾರರಿಗೆ ಹಣದ ನೆರವು ದೊರಕಿಸಬೇಕೆಂಬುದು ಮೂಲ ಉದ್ದೇಶ. ಆದರೆ ನೆರವು ನೀಡಲು ಹಣ ಬೇಕು. ಹಣವಂತರೋ ಆ ನಾಡಿನಲ್ಲಿ ವಿರಳ. ಆಗ ೧೯೨೮ರಲ್ಲಿ ‘ಪಿಗ್ಮಿ’ ಎಂಬ ಹೆಸರಿನ ಠೇವಣಿಯ ಪದ್ಧತಿಯನ್ನು ಆರಂಭಿಸಿದರು. ಬ್ಯಾಂಕಿನ ಮೆಟ್ಟಿಲೇರಲು ಸಂಕೋಚಪಡುವ ಬಡವರ ಬಾಗಿಲಿಗೆ ಬ್ಯಾಂಕಿನವನೇ ಹೋಗಿ ದಿನವೂ ಎರಡಾಣೆಯಷ್ಟು ಅಲ್ಪ ಹಣವನ್ನೂ ಪಡೆದು ಲೆಕ್ಕದಲ್ಲಿ ಬರೆದುಕೊಂಡು ಬರುವುದೇ ಅದರ ಕ್ರಮ. ಕೂಲಿಯವರು, ಚಿಲ್ಲರೆ ಅಂಗಡಿಯವರು, ಮನೆಯಲ್ಲಿಯೇ ದುಡಿಯುವ ತಾಯಂದಿರು ಇದರಲ್ಲಿ ಸೇರಿದರು. ಸಾಸಿವೆಯ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದ ನಾಣ್ಯವು ಮೊದಲ ಬಾರಿಗೆ ಹೊರಗೆ ಬಂದು ಇನ್ನೊಬ್ಬರ ಮಗ್ಗಕ್ಕೆ ನೂಲಾಯಿತು, ಇನ್ನೊಬ್ಬರ ಗದ್ದೆಗೆ ಬೀಜವಾಯಿತು.

ಆ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಪ್ರಸಿದ್ಧವಾಗಿ ಮಣಿಪಾಲದಲ್ಲಿ ತನ್ನ ಪ್ರಧಾನ ಕಚೇರಿಯನ್ನು ನೆಲೆಗೊಳಿಸಿತು. ಒಂದಾನೊಂದು ಕಾಲಕ್ಕೆ ಬೋಳು ಮುರಕಲ್ಲಿನ ಗುಡ್ಡವಾಗಿದ್ದ ಆ ಸ್ಥಳದಲ್ಲಿ ೧೯೫೩ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ವಿದ್ಯಾಸಂಸ್ಥೆಗಳು, ಆಸ್ಪತ್ರೆ, ಕಚೇರಿಗಳು ಒಂದರ ಹಿಂದೊಂದು ಎದ್ದವು. ಹೀಗೆ ಎದ್ದ ಸೌಧಗಳಲ್ಲಿ ನಮ್ಮ ಹುಡುಗನು ಬೊಟ್ಟು ಮಾಡಿ ತೋರಿಸಿದ ಸೌಧವೂ ಒಂದು.

ಇನ್ನು ಸ್ವಾಮಿತ್ವದ ವಿಚಾರ. ಈ ಸೌಧ ಯಾರದೆಂಬ ಪ್ರಶ್ನೆಗೆ ನಾಲ್ಕು ಪಕ್ಷಗಳು ಉತ್ತರ ಹೇಳಲು ಎದ್ದು ನಿಲ್ಲುತ್ತವೆ. ಒಂದೊಂದನ್ನೂ ಪರೀಕ್ಷಿಸೋಣ.

ಸಂಸ್ಥಾಪಕರದೆಂಬುದು ಮೊದಲನೆಯ ಪಕ್ಷ. ಬುದ್ಧಿ ಅವರದು, ಸಾಹಸ ಅವರದು. ಅವರಿಲ್ಲದಿದ್ದರೆ ಈ ಕಟ್ಟಡವೇ ಇಲ್ಲ. ಇದು ನಿಜ. ಆದರೆ ಎಂಟು ಸಾವಿರ ರೂಪಾಯಿಯಿಂದ ಈ ಸೌಧವು ಏಳಲಿಲ್ಲ. ಬೀಜ ಬಿತ್ತಿದವನ ಉಪಕಾರ ದೊಡ್ಡದಾದರೂ ಮಳೆ, ಮಣ್ಣು, ಕಳೆ ಕಿತ್ತ ಕೈಗಳನ್ನು ಮರೆತು ಮರವೆಲ್ಲ ತನ್ನದೆಂದು ಅವನು ಹೇಳಲಾರನು.

ಷೇರುದಾರರದೆಂಬುದು ಎರಡನೆಯ ಪಕ್ಷ. ಲೋಕರೂಢಿಯಲ್ಲಿ ಇದೇ ಪ್ರಬಲವಾದ ಉತ್ತರ. ಆದರೆ ಕಂಪೆನಿಯ ಶಾಸನವನ್ನು ಬಲ್ಲವರನ್ನು ಕೇಳಿದರೆ ಅವರು ಬೇರೆಯೇ ಹೇಳುತ್ತಾರೆ. ಶಾಸನದ ದೃಷ್ಟಿಯಲ್ಲಿ ಕಂಪೆನಿಯೇ ಒಬ್ಬ ಪ್ರತ್ಯೇಕ ವ್ಯಕ್ತಿ. ಕಟ್ಟಡವು ಆ ವ್ಯಕ್ತಿಯ ಸ್ವತ್ತು. ಷೇರುದಾರನಿಗೆ ಲಾಭಾಂಶದ ಹಕ್ಕುಂಟು, ಮತ ಕೊಡುವ ಹಕ್ಕುಂಟು. ಆದರೆ ಆ ಕಟ್ಟಡದ ಒಂದು ಇಟ್ಟಿಗೆಯನ್ನು ಕಿತ್ತು ಮನೆಗೆ ಒಯ್ಯುವ ಹಕ್ಕಿಲ್ಲ. ನೂರಕ್ಕೆ ನೂರು ಷೇರುಗಳನ್ನು ಹೊಂದಿದವನಿಗೂ ಈ ಹಕ್ಕಿಲ್ಲವೆಂಬುದು ವಿಸ್ಮಯಕರವಾದರೂ ಸತ್ಯ.

ಠೇವಣಿ ಇಟ್ಟವರದೆಂಬುದು ಮೂರನೆಯ ಪಕ್ಷ. ನಮ್ಮ ವೃದ್ಧರ ಪಕ್ಷವೂ ಇದೇ. ಆದರೆ ಶಾಸನವು ಇದನ್ನೂ ಒಪ್ಪುವುದಿಲ್ಲ. ಠೇವಣಿದಾರನು ಬ್ಯಾಂಕಿನ ಒಡೆಯನಲ್ಲ. ಬ್ಯಾಂಕಿಗೆ ಸಾಲ ಕೊಟ್ಟವನು. ಬ್ಯಾಂಕಿನ ವಾರ್ಷಿಕ ಲೆಕ್ಕಪತ್ರವನ್ನು ತೆರೆದು ನೋಡಿದರೆ ಕಟ್ಟಡವು ಸ್ವತ್ತಿನ ಪಟ್ಟಿಯಲ್ಲಿ ಕಾಣುತ್ತದೆ. ಠೇವಣಿಯು ತೀರಿಸಬೇಕಾದ ಋಣದ ಪಟ್ಟಿಯಲ್ಲಿ ಕಾಣುತ್ತದೆ. ಹೊರಗಿನಿಂದ ನೋಡುವವನಿಗೆ ಮುಗಿಲಿಗೇರಿದ ವೈಭವ. ಒಳಗಿನ ಲೆಕ್ಕದಲ್ಲಿ ಸಾವಿರಾರು ತಾಯಂದಿರಿಗೆ ಸಲ್ಲಿಸಬೇಕಾದ ಋಣ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಪ್ರಾರ್ಥನೆ. ಮುಂದೆ ಇದರ ಪ್ರಯೋಜನವುಂಟು.

ರಾಷ್ಟ್ರದ್ದೆಂಬುದು ನಾಲ್ಕನೆಯ ಪಕ್ಷ. ೧೯೬೯ನೆಯ ಜುಲೈ ೧೯ರಂದು ಕೇಂದ್ರ ಸರ್ಕಾರವು ಸುಗ್ರೀವಾಜ್ಞೆಯ ಮೂಲಕ ದೇಶದ ೧೪ ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಿಸಿತು. ಅವುಗಳಲ್ಲಿ ಸಿಂಡಿಕೇಟ್ ಬ್ಯಾಂಕೂ ಒಂದು. ೧೯೭೦ನೆಯ ಫೆಬ್ರವರಿ ೧೦ರಂದು ಸರ್ವೋಚ್ಚ ನ್ಯಾಯಾಲಯವು, ಪರಿಹಾರದ ಕ್ರಮವು ನ್ಯಾಯೋಚಿತವಲ್ಲವೆಂಬುದೇ ಮೊದಲಾದ ಕಾರಣಗಳಿಂದ, ಆ ಸಂಬಂಧವಾದ ಕಾಯಿದೆಯನ್ನು ಅಸಿಂಧುವೆಂದು ಸಾರಿತು. ನಾಲ್ಕೇ ದಿನಗಳಲ್ಲಿ ಹೊಸ ಸುಗ್ರೀವಾಜ್ಞೆ ಬಂದಿತು. ಅದೇ ವರ್ಷ ಹೊಸ ಕಾಯಿದೆಯೂ ಆಯಿತು. ೧೯೯೯ರಲ್ಲಿ ಬ್ಯಾಂಕಿನ ಷೇರುಗಳ ಒಂದಂಶವನ್ನು ಮರಳಿ ಸಾರ್ವಜನಿಕರಿಗೆ ಮಾರಲಾಯಿತು. ಕೊನೆಗೆ ೨೦೨೦ನೆಯ ಏಪ್ರಿಲ್ ೧ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ೧೯೦೬ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ಬ್ಯಾಂಕು ಅದು. ಆದುದರಿಂದ ನೆರೆಮನೆಯವರೇ ಮನೆಗೆ ಬಂದಂತಾಯಿತೆಂದು ಕೆಲವರು ಸಮಾಧಾನಪಟ್ಟರು. ಆದರೂ ತೊಂಬತ್ತೈದು ವರ್ಷಗಳ ಹೆಸರು ಫಲಕದಿಂದ ಇಳಿದುದು ಅನೇಕರಿಗೆ ಮನೆಯ ಹಿರಿಯರೊಬ್ಬರನ್ನು ಕಳೆದುಕೊಂಡಂತೆಯೇ ಆಯಿತು.

ಹೀಗೆ ಪತ್ರಗಳು ಬದಲಾದವು, ಮುದ್ರೆಗಳು ಬದಲಾದವು. ಗೋಡೆಗಳು ಮಾತ್ರ ಇದ್ದಲ್ಲಿಯೇ ಇದ್ದವು. ಪ್ರತಿಯೊಂದು ಪತ್ರವೂ ತನ್ನ ಕಾಲಕ್ಕೆ ಸಿಂಧುವಾದುದೇ, ಯಾವುದೊಂದೂ ಶಾಶ್ವತವಾಗಲಿಲ್ಲ.

ಇದು ನಮ್ಮ ಕರಾವಳಿಗಷ್ಟೇ ಬಂದೊದಗಿದ ವಿಧಿಯೆಂದು ಭಾವಿಸಬಾರದು. ಮದರಾಸಿನ ಮೌಂಟ್ ರಸ್ತೆಯಲ್ಲಿರುವ ಜೀವ ವಿಮಾ ನಿಗಮದ ೧೭೭ ಅಡಿ ಎತ್ತರದ ಸೌಧವನ್ನು ನೋಡಿದವರು ನಮ್ಮಲ್ಲಿ ಅನೇಕರಿರಬಹುದು. ಅದನ್ನು ೧೯೫೩ರಲ್ಲಿ ಕಟ್ಟಿಸತೊಡಗಿದವರು ವಿಮಾ ಉದ್ಯಮಿಗಳಾದ ಎಂ. ಸಿ.ಟಿ. ಎಂ. ಚಿದಂಬರಂ ಚೆಟ್ಟಿಯಾರರು. ಅಡಿಪಾಯ ಹಾಕಿಸಿದವರು ಮರುವರ್ಷವೇ ಸಿಂಗಪುರದ ವಿಮಾನಾಪಘಾತದಲ್ಲಿ ಮರಣ ಹೊಂದಿದರು. ೧೯೫೬ರಲ್ಲಿ ಜೀವ ವಿಮೆಯು ರಾಷ್ಟ್ರೀಕೃತವಾಗಿ, ಅರೆಯಾಗಿ ನಿಂತ ಕಟ್ಟಡವು ಹೊಸ ನಿಗಮದ ಪಾಲಾಯಿತು. ೧೯೫೯ನೆಯ ಆಗಸ್ಟ್ ೨೩ರಂದು ಅದರ ಬಾಗಿಲು ತೆರೆದಾಗ, ಅದನ್ನು ಕನಸಿನಲ್ಲಿ ಕಂಡವರೂ ಇರಲಿಲ್ಲ, ಅವರ ಕಂಪೆನಿಯೂ ಇರಲಿಲ್ಲ. ಒಬ್ಬರು ಎಳೆದ ನಕ್ಷೆಯ ಮನೆಯಲ್ಲಿ ಮತ್ತೊಬ್ಬರು ದೀಪ ಹಚ್ಚಿದರು.

ಸಾಗರದಾಚೆ ನ್ಯೂಯಾರ್ಕ್ ನಗರದ ಎಂಪೈರ್ ಸ್ಟೇಟ್ ಕಟ್ಟಡದ ಕಥೆ ಇನ್ನೂ ವಿಚಿತ್ರ. ೧೦೨ ಅಂತಸ್ತುಗಳ, ೧,೨೫೦ ಅಡಿಗಳ ಆ ಗಗನಚುಂಬಿಯು ೧೯೩೧ನೆಯ ಮೇ ೧ರಂದು ಉದ್ಘಾಟಿತವಾಯಿತು. ಅದು ಮಹಾ ಆರ್ಥಿಕ ಕುಸಿತದ ಕಾಲ. ಬಾಡಿಗೆಗೆ ಬರುವವರಿಲ್ಲದೆ ಬಹುಭಾಗ ಬರಿದಾಗಿಯೇ ಉಳಿದುದರಿಂದ ಜನರು ಅದನ್ನು ‘ಖಾಲಿ ಕಟ್ಟಡ’ವೆಂದು ಹಾಸ್ಯ ಮಾಡಿದರು. ೧೯೫೧ರಲ್ಲಿ ಅದನ್ನು ಮಾರಿದಾಗ ನೆಲ ಒಬ್ಬರದಾಯಿತು, ಅದರ ಮೇಲಿನ ಕಟ್ಟಡ ಇನ್ನೊಬ್ಬರದಾಯಿತು. ೧೯೬೧ರಲ್ಲಿ ಅದರ ಗೇಣಿಯ ಹಕ್ಕನ್ನು ತಲಾ ೧೦,೦೦೦ ಡಾಲರಿನ ೩,೩೦೦ ಪಾಲುಗಳಾಗಿ ಹಂಚಿ ಮಾರಲಾಯಿತು. ೧೯೯೧ರಲ್ಲಿ ಮೂಲ ಸ್ವಾಮ್ಯವು ಜಪಾನಿನ ಧನಿಕರೊಬ್ಬರ ಕೈಸೇರಿತು. ೨೦೦೨ರಲ್ಲಿ ಗೇಣಿ ಹಿಡಿದವರೇ ಅದನ್ನು ಮರಳಿ ಕೊಂಡರು. ೨೦೧೩ರಿಂದ ಅದರ ಷೇರುಗಳು ಪೇಟೆಯಲ್ಲಿ ವಿಕ್ರಯವಾಗುತ್ತಿವೆ. ಒಂದೇ ಮನೆಗೆ ನೆಲದೊಡೆಯ, ಗೇಣಿದಾರ, ಬಾಡಿಗೆದಾರ, ಪಾಲುದಾರ ಎಂದು ಸಾಲುಸಾಲಾಗಿ ಒಡೆಯರು. ಪ್ರತಿಯೊಬ್ಬನೂ ‘ನನ್ನದು’ ಎನ್ನುತ್ತಾನೆ. ಪ್ರತಿಯೊಬ್ಬನ ಮಾತೂ ಒಂದಿಷ್ಟು ನಿಜ.

ಇಷ್ಟು ನೋಡಿದ ಮೇಲೆ, ‘ನನ್ನದು’ ಎಂಬ ಶಬ್ದದ ಅರ್ಥವನ್ನೇ ಶೋಧಿಸಬೇಕಾಗುತ್ತದೆ. ವ್ಯಾಕರಣವನ್ನು ಕಲಿಸುವ ವೃತ್ತಿಯವನಾದುದರಿಂದ ಆ ದಾರಿಯಲ್ಲಿಯೇ ಹೋಗುತ್ತೇನೆ, ವಾಚಕರು ಕ್ಷಮಿಸಬೇಕು.

‘ನನ್ನ’ ಎಂಬುದು ಷಷ್ಠೀ ವಿಭಕ್ತಿ. ಈ ವಿಭಕ್ತಿಯು ಸಂಬಂಧವನ್ನು ಹೇಳುತ್ತದೆಂದು ಮಕ್ಕಳಿಗೂ ಗೊತ್ತು. ಆದರೆ ಸಂಬಂಧಗಳು ಹಲವು. ‘ನನ್ನ ಹಸು’ ಎಂಬಲ್ಲಿ ಸ್ವ-ಸ್ವಾಮಿಭಾವ ಸಂಬಂಧ. ಬೇಕಾದರೆ ನಾನು ಅದನ್ನು ಮಾರಬಹುದು. ‘ನನ್ನ ತಾಯಿ’ ಎಂಬಲ್ಲಿಯೂ ಅದೇ ವಿಭಕ್ತಿ, ಅದೇ ಪ್ರತ್ಯಯ. ಆದರೆ ತಾಯಿಗೆ ನಾನು ಒಡೆಯನಲ್ಲ, ಮಾರುವ ಮಾತನ್ನು ನಾಲಿಗೆಯ ಮೇಲೆ ತರುವುದೂ ಪಾಪ. ‘ನನ್ನ ಊರು’, ‘ನನ್ನ ಗುರು’ ಎಂಬಲ್ಲಿಯೂ ಹಾಗೆಯೇ. ಮೊದಲನೆಯ ‘ನನ್ನ’ ಎಂಬುದು ಹಕ್ಕಿನ ಮಾತು. ಎರಡನೆಯದು ಋಣದ ಮಾತು. ಮೊದಲನೆಯದರಲ್ಲಿ ವಸ್ತುವು ನನಗೆ ಸೇರಿದೆ. ಎರಡನೆಯದರಲ್ಲಿ ನಾನೇ ಅದಕ್ಕೆ ಸೇರಿದ್ದೇನೆ. ಶಬ್ದವೊಂದೇ ಆದುದರಿಂದ ಲೋಕವು ಇವೆರಡನ್ನೂ ಬೆರೆಸಿಬಿಡುತ್ತದೆ. ಅನರ್ಥಗಳು ಹುಟ್ಟುವುದು ಅಲ್ಲಿಂದಲೇ.

ಈಗ ನಮ್ಮ ವೃದ್ಧರ ಮಾತನ್ನು ಮರಳಿ ನೋಡೋಣ. ‘ನಮ್ಮದೇ ಆಗಿತ್ತು’ ಎಂದು ಅವರು ಅಂದುದು ಮೊದಲನೆಯ ಅರ್ಥದಲ್ಲಾದರೆ ಅದು ಸುಳ್ಳು. ಯಾವ ಪತ್ರದಲ್ಲಿಯೂ ಅವರ ತಾಯಿಯ ಹೆಸರಿಲ್ಲ. ಎರಡನೆಯ ಅರ್ಥದಲ್ಲಾದರೆ ಅದು ಸತ್ಯ. ಆದರೆ ‘ಆಗಿತ್ತು’ ಎಂಬ ಭೂತಕಾಲವು ತಪ್ಪು. ಏಕೆಂದರೆ ಋಣದ ಸಂಬಂಧವನ್ನು ಸುಗ್ರೀವಾಜ್ಞೆಯು ಕೊಡಲೂ ಇಲ್ಲ, ವಿಲೀನದ ಪತ್ರವು ಕಿತ್ತುಕೊಳ್ಳಲೂ ಇಲ್ಲ. ಆ ತಾಯಿಯ ಎರಡಾಣೆಯು ಯಾವುದೋ ಮಗ್ಗವನ್ನು ನಡೆಸಿತು; ಆ ನೇಕಾರನ ಮಗನು ಓದಿದನು. ಫಲಕ ಬದಲಾದೊಡನೆ ಅವನು ಓದದವನಾಗುವನೇ?

ಶರಣರು ಈ ಎರಡನೆಯ ‘ನನ್ನ’ವನ್ನೇ ಬದುಕಿ ತೋರಿಸಿದವರು. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದರೆಂಬುದನ್ನು ನಾವೆಲ್ಲ ಬಲ್ಲೆವು. ಆದರೆ ಭಂಡಾರಿಯ ಕಾಯಕವೆಂದರೇನೆಂದು ಎಷ್ಟು ಮಂದಿ ಯೋಚಿಸಿದ್ದೇವೆ? ರಾಜ್ಯದ ಹೊನ್ನೆಲ್ಲ ಕೈಯ ಕೆಳಗಿದ್ದೂ ಒಂದು ಹೊನ್ನೂ ತನ್ನದಲ್ಲದಂತೆ ಇರುವುದು. ಭಂಡಾರದ ಹಣವನ್ನು ಜಂಗಮರಿಗೆ ವ್ಯಯ ಮಾಡಿದರೆಂದು ಚಾಡಿ ಹೇಳಿದವರಿದ್ದರು. ಲೆಕ್ಕ ನೋಡಿದಾಗ ಒಂದು ಕಾಸೂ ಕಡಮೆಯಾಗಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಭಕ್ತರು ಇದನ್ನು ಪವಾಡವೆಂದು ಕೊಂಡಾಡುತ್ತಾರೆ. ಪವಾಡವಿರಲಿ, ಲೆಕ್ಕ ಕೊಡೆಂದು ಕೇಳಿದಾಗ ಕೋಪಿಸಿಕೊಳ್ಳದೆ ಭಂಡಾರದ ಬಾಗಿಲನ್ನು ತೆರೆದು ನಿಂತುದೇ ನಮಗೆ ಮುಖ್ಯವಾದ ಪಾಠ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದು ನಮ್ಮದಲ್ಲ, ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಕಳುಹಿಸಿದ ವೃತ್ತಾಂತವೂ ಇದೇ ತತ್ತ್ವದ್ದು. ನೆಲದ ಮೇಲೆ ಬಿದ್ದ ಅಕ್ಕಿಗೆ ಒಡೆಯನಿರಲಿಲ್ಲ. ತಡೆಯುವ ಶಾಸನವೂ ಇರಲಿಲ್ಲ. ತಡೆದುದು ಆ ತಾಯಿಯ ವಿವೇಕ.

ಇಲ್ಲಿ ಒಂದು ಆಕ್ಷೇಪವುಂಟು. "ಎಲ್ಲವೂ ಶಿವನದೆಂದು ಹೇಳಿಬಿಟ್ಟರೆ ಪತ್ರ, ಲೆಕ್ಕ, ನ್ಯಾಯಾಲಯಗಳು ಏತಕ್ಕೆ? ಯಾರ ಸ್ವತ್ತನ್ನು ಯಾರು ಕಸಿದರೂ ಸುಮ್ಮನಿರಬೇಕೆ?" ಇದು ತೂಕವುಳ್ಳ ಆಕ್ಷೇಪ. ಎಲ್ಲವೂ ದೇವರದೆಂಬ ಮಾತನ್ನು ಲೋಕದಲ್ಲಿ ಮೊದಲು ಆಡುವವನು ಹಲವು ವೇಳೆ ಪರರದನ್ನು ನುಂಗಿದವನೇ ಆಗಿರುತ್ತಾನೆ. ಆದುದರಿಂದ ಇದಕ್ಕೆ ಸ್ಪಷ್ಟವಾಗಿ ಸಮಾಧಾನ ಹೇಳಬೇಕು. ಪತ್ರವು ಬೇಕು, ಲೆಕ್ಕವು ಬೇಕು, ಅನ್ಯಾಯವಾದಲ್ಲಿ ನ್ಯಾಯಾಲಯವೂ ಬೇಕು. ೧೯೭೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಾರಕ್ಕೂ ಬುದ್ಧಿ ಹೇಳಿತೆಂಬುದು ಈ ದೇಶಕ್ಕೆ ಗೌರವದ ಸಂಗತಿಯೇ. ಆದರೆ ಪತ್ರವು ಹೇಳುವುದು, ಈ ವಸ್ತುವಿಗೆ ಇಂದು ಜವಾಬುದಾರನು ಯಾರೆಂಬುದನ್ನು ಮಾತ್ರ. ಈ ಜವಾಬುದಾರಿಯನ್ನೇ ಭೋಗದ ಅಧಿಕಾರವೆಂದು ತಿಳಿದಾಗ ಪತ್ರ ಹಿಡಿದವನು ಕೆಡುತ್ತಾನೆ. ಎಲ್ಲವೂ ಶಿವನದೆಂಬ ನಂಬಿಕೆಯು ಲೆಕ್ಕವನ್ನು ಸಡಿಲಿಸುವುದಿಲ್ಲ, ಬಿಗಿಗೊಳಿಸುತ್ತದೆ. ತನ್ನ ಹಣವನ್ನು ಎಣಿಸದೆ ಖರ್ಚು ಮಾಡುವವನೂ ಪರರ ಹಣವನ್ನು ಎರಡು ಬಾರಿ ಎಣಿಸಬೇಕು.

ಈ ತತ್ತ್ವವನ್ನು ಅನ್ವಯಿಸಿದರೆ ಕೆಲವು ಕಹಿಯಾದ ಮಾತುಗಳನ್ನು ಆಡಬೇಕಾಗುತ್ತದೆ. ‘ನಮ್ಮ ಬ್ಯಾಂಕು ಹೋಯಿತು’ ಎಂದು ಮರುಗುವವರಲ್ಲಿ, ಆ ‘ನಮ್ಮ’ ಬ್ಯಾಂಕಿನಿಂದ ಸಾಲ ಪಡೆದು, ತೀರಿಸಲು ಶಕ್ತಿಯಿದ್ದೂ ತೀರಿಸದೆ ಕುಳಿತವರು ಇಲ್ಲವೇ? ಕೊಳ್ಳುವಾಗ ‘ನಮ್ಮದು’, ಕೊಡುವಾಗ ‘ಸರ್ಕಾರದ್ದು’ ಎಂಬ ಈ ವಿಭಕ್ತಿಯ ವ್ಯತ್ಯಾಸವನ್ನು ಯಾವ ವ್ಯಾಕರಣವು ಒಪ್ಪೀತು? ಠೇವಣಿಯು ಸಾವಿರಾರು ತಾಯಂದಿರಿಗೆ ಸಲ್ಲಬೇಕಾದ ಋಣವೆಂದು ಹಿಂದೆ ಹೇಳಿದೆವಷ್ಟೆ; ಸಾಲವನ್ನು ತೀರಿಸದವನು ನುಂಗಿದುದು ಸೌಧದ ಇಟ್ಟಿಗೆಯನ್ನಲ್ಲ, ಆ ಎರಡಾಣೆಯನ್ನು. ಮೇಲಿನ ಅಂತಸ್ತಿನಲ್ಲಿ ಕುಳಿತ ಅಧಿಕಾರಿಗೂ ಇದೇ ಮಾತು. ಕಿಟಕಿಯಿಂದ ಕೆಳಗೆ ನೋಡಿದಾಗ ಜನರು ಇರುವೆಗಳಂತೆ ಕಾಣುವುದು ಎತ್ತರದ ದೋಷ. ತಾನು ಕುಳಿತ ಅಂತಸ್ತನ್ನು ಅವರೇ ಹೊತ್ತಿದ್ದಾರೆಂಬುದನ್ನು ಮರೆಯುವುದು ಬುದ್ಧಿಯ ದೋಷ.

ನಮ್ಮ ಮನೆಗಳಿಗೂ ಮಠಗಳಿಗೂ ಇದನ್ನು ತರದಿದ್ದರೆ ಈ ಲೇಖನವು ಪರೋಪದೇಶವಾದೀತು. ತಂದೆಯು ಕಟ್ಟಿಸಿದ ಮನೆಗಾಗಿ ಅಣ್ಣತಮ್ಮಂದಿರು ಹೊಡೆದಾಡುತ್ತಾರೆ. ಪ್ರತಿಯೊಬ್ಬನೂ ‘ನನ್ನ ಮನೆ’ ಎನ್ನುತ್ತಾನೆ. ಮೂಲೆಯಲ್ಲಿ ಕುಳಿತ ಮುದುಕಿಯನ್ನು ‘ನನ್ನ ತಾಯಿ’ ಎನ್ನಲು ಒಬ್ಬನೂ ಮುಂದೆ ಬಾರನು. ಮೊದಲನೆಯ ಷಷ್ಠಿಗೆ ನಾಲ್ವರು, ಎರಡನೆಯ ಷಷ್ಠಿಗೆ ಯಾರೂ ಇಲ್ಲ. ಮಠಕ್ಕೆ ಕೊಠಡಿ ಕಟ್ಟಿಸಿಕೊಟ್ಟ ಭಕ್ತರು, ತಮ್ಮ ಹೆಸರಿನ ಕಲ್ಲು ಬಾಗಿಲಿನ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಚಿಂತಿಸುವುದುಂಟು. ಮಠದ ಆಡಳಿತವನ್ನು ನೋಡುವ ನಾವು ಲೆಕ್ಕ ಕೇಳಿದವರನ್ನು ಭಕ್ತಿಹೀನರೆಂದು ಜರೆಯುವುದುಂಟು. ಕೊಟ್ಟವನು ಕೊಟ್ಟುದನ್ನು ಇನ್ನೂ ಹಿಡಿದುಕೊಂಡಿದ್ದರೆ ಅದು ದಾಸೋಹವಲ್ಲ; ಪಡೆದವನು ಲೆಕ್ಕ ಕೊಡಲೊಲ್ಲದಿದ್ದರೆ ಅವನು ಭಂಡಾರಿಯಲ್ಲ. ಸ್ಥಾವರಕ್ಕಿಂತ ಜಂಗಮವು ಹಿರಿದೆಂದು ಬಸವಾದಿ ಪ್ರಮಥರು ಸಾರಿದುದರ ಅರ್ಥವನ್ನು ನಾವು ಈ ಕಡೆಯಿಂದಲೂ ಗ್ರಹಿಸಬೇಕು. ಗೋಡೆಯು ಸ್ಥಾವರ, ಅದರೊಳಗೆ ಮನುಷ್ಯನಿಂದ ಮನುಷ್ಯನಿಗೆ ನಡೆಯುವ ವಿಶ್ವಾಸವು ಜಂಗಮ. ವಿಶ್ವಾಸ ನಿಂತ ದಿನ, ಗೋಡೆಯು ಎಷ್ಟೇ ಎತ್ತರವಾಗಿದ್ದರೂ ಬರಿಯ ಕಲ್ಲು.

ಅದೇ ಅಪರಾಹ್ನ ಉಡುಪಿಯಲ್ಲಿ ನಾವು ಇನ್ನೊಂದು ಮನೆಯನ್ನು ನೋಡಿದೆವು. ೧೯೦೬ರಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬರು ಸ್ಥಾಪಿಸಿದ ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್’ ಮುಂದೆ ಕಾರ್ಪೊರೇಶನ್ ಬ್ಯಾಂಕಾಗಿ ಬೆಳೆಯಿತು. ಮೊದಲ ದಿನ ಅದರಲ್ಲಿ ಸೇರಿದ ಹಣ ೩೮ ರೂಪಾಯಿ ೧೩ ಆಣೆ ೨ ಪೈ. ಅದೂ ೧೯೮೦ರಲ್ಲಿ ರಾಷ್ಟ್ರೀಕೃತವಾಗಿ, ೨೦೨೦ರ ಅದೇ ಏಪ್ರಿಲ್ ೧ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಸಂಸ್ಥಾಪಕರ ಮನೆಯನ್ನು ನಾಣ್ಯಗಳ ಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ಒಂದು ಕಾಲಕ್ಕೆ ಅರಸರು ಯಾವುದಕ್ಕಾಗಿ ಕಾದಾಡಿದರೋ ಆ ನಾಣ್ಯಗಳು ಗಾಜಿನ ಪೆಟ್ಟಿಗೆಗಳಲ್ಲಿ ಮಲಗಿವೆ. ಈಗ ಅವು ಒಂದು ಹಿಡಿ ಅವಲಕ್ಕಿಯನ್ನೂ ಕೊಳ್ಳಲಾರವು. ಬೆಳಿಗ್ಗೆ ಕಾರ್ಕಳದಲ್ಲಿ ಕಂಡ ಮೂರ್ತಿಯು ಆಗ ನನಗೆ ನೆನಪಾಯಿತು. ಅದನ್ನು ನಿಲ್ಲಿಸಿದ ಭೈರರಸರ ರಾಜ್ಯವಿಂದು ಇಲ್ಲ. ಮೈಮೇಲೆ ಒಂದು ಬಟ್ಟೆಯನ್ನೂ ತನ್ನದೆನ್ನದೆ ನಿಂತ ಆ ಮೂರ್ತಿಯು ಆರು ಶತಮಾನಗಳ ಬಳಿಕವೂ ನಿಂತಿದೆ.

ಸಂಜೆಗೆ ಕಾಪುವಿನ ಕಡಲತೀರಕ್ಕೆ ಬಂದೆವು. ಅಲ್ಲಿಯ ಬಂಡೆಯ ಮೇಲೆ ೧೯೦೧ರಲ್ಲಿ ಕಟ್ಟಿದ ದೀಪಸ್ತಂಭವಿದೆ; ಸುಮಾರು ೨೭ ಮೀಟರ್ ಎತ್ತರ. ಆಂಗ್ಲರ ಆಳಿಕೆಯಲ್ಲಿ ಎದ್ದು ಈಗ ನಮ್ಮ ಸರ್ಕಾರದ ದೀಪಸ್ತಂಭ ಇಲಾಖೆಯ ವಶದಲ್ಲಿದೆ. ಅದರ ಪತ್ರವೂ ಕೈ ಬದಲಾಯಿಸಿದೆ. ಕತ್ತಲಾಗುತ್ತಿದ್ದಂತೆ ದೀಪ ಬೆಳಗಿತು. ದೂರದಲ್ಲಿ ಮೀನುಗಾರರ ದೋಣಿಗಳು ಕಾಣುತ್ತಿದ್ದವು. ಆ ಬೆಸ್ತರಲ್ಲಿ ಎಷ್ಟೋ ಮಂದಿ ಆ ಸ್ತಂಭದ ಮೆಟ್ಟಿಲನ್ನು ಒಮ್ಮೆಯೂ ಹತ್ತಿರಲಿಕ್ಕಿಲ್ಲ. ಅದು ಯಾರದೆಂದು ಕೇಳಿರಲಿಕ್ಕೂ ಇಲ್ಲ. ಆದರೆ ಆ ಎತ್ತರವೆಲ್ಲ ಅವರಿಗಾಗಿಯೇ ಇರುವುದು. ಸ್ತಂಭದ ಬುಡದಲ್ಲಿ ನಿಂತ ನಮಗೆ ದೀಪದಿಂದ ಹೆಚ್ಚು ಪ್ರಯೋಜನವಿಲ್ಲ; ದೂರದಲ್ಲಿ ದಡ ಕಾಣದೆ ಇರುವವನಿಗೆ ಅದು ಪ್ರಾಣ.

ಮಧ್ಯಾಹ್ನ ಪ್ರಶ್ನೆ ಕೇಳಿದ ಹುಡುಗನನ್ನು ಹತ್ತಿರ ಕರೆದು, "ಇದು ಯಾರದಪ್ಪಾ?" ಎಂದೆನು.

ಅವನು ಸ್ವಲ್ಪ ಹೊತ್ತು ದೋಣಿಗಳನ್ನು ನೋಡಿ, "ಯಾರಿಗೆ ಬೇಕೋ ಅವರದು ಗುರುಗಳೇ" ಎಂದನು. ಮತ್ತೆ ಯೋಚಿಸಿ, "ಆದರೆ ಎಣ್ಣೆ ಹಾಕುವವರೊಬ್ಬರು ಬೇಕಲ್ಲ" ಎಂದನು.

ದೀಪಕ್ಕೆ ಈಗ ಎಣ್ಣೆಯಿಲ್ಲ, ವಿದ್ಯುತ್ತಿದೆಯೆಂದು ನಾನು ತಿದ್ದಲು ಹೋಗಲಿಲ್ಲ. ಅವನ ಉತ್ತರದ ಎರಡು ಭಾಗಗಳೂ ಸರಿಯಾಗಿದ್ದವು. ವಸ್ತುವು ಅಗತ್ಯವುಳ್ಳವರದು; ಅದನ್ನು ಕಾಯುವ ಕಾಯಕವು ಪತ್ರ ಹಿಡಿದವರದು. ಗೃಹಸ್ಥರಾದ ನಮ್ಮ ಮನೆಗಳಿಗೂ ಹಣಕ್ಕೂ ಇದಕ್ಕಿಂತ ಬೇರೆಯಾದ ಧರ್ಮವಿಲ್ಲ. ಪಕ್ಕದಲ್ಲಿ ನಿಂತಿದ್ದ ವೃದ್ಧರು ಇದನ್ನು ಕೇಳಿ, "ಹಾಗಾದರೆ ಅಮ್ಮನ ಎರಡಾಣೆ ಎಲ್ಲಿಯೂ ಹೋಗಲಿಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಹೋಗಲಿಲ್ಲವೆಂದೇ ನನ್ನ ನಂಬಿಕೆ.